ಡರ್ಟ್ ಬೈಕ್ ಹಿಂದಿನ ಶಾಕಪ್: ಕ್ಲಿಕ್ಕರ್ ಮುಟ್ಟೋ ಮುಂಚೆ ಟೇಪ್ ಹಿಡೀರಿ

ಬೈಕ್ ಹಿಂದುಗಡೆ ಒದೀತಿದೆ, ಜಂಪ್ ಇಳಿದಾಗ ಟಪ್ ಅಂತ ಬಾಟಮ್ ಆಗ್ತಿದೆ (ಶಾಕಪ್ ಪೂರ್ತಿ ಒತ್ತಿ ಕೊನೆಗೆ ಬಡೀತಿದೆ), ಕಾರ್ನರಲ್ಲಿ ಮುಂದಿನ ವೀಲ್ ನೆಲ ಹಿಡೀತಾನೇ ಇಲ್ಲ. ಇಂಥ ಯಾವ ಕಂಪ್ಲೇಂಟ್ ಬಂದ್ರೂ ನಮ್ಮ ಹುಡುಗರು ಮೊದಲು ಮಾಡೋ ಕೆಲಸ ಅಂದ್ರೆ ಸ್ಕ್ರೂ ಡ್ರೈವರ್ ತಗೊಂಡು ಕ್ಲಿಕ್ಕರ್, ಅಂದ್ರೆ ಶಾಕಪ್ ಆಟ ಬೇಗ ನಿಧಾನ ಮಾಡೋ ಸಣ್ಣ ಸ್ಕ್ರೂ, ತಿರುಗ್ಸೋದು. ಎರಡು ಕ್ಲಿಕ್ ಆ ಕಡೆ, ನಾಲ್ಕು ಕ್ಲಿಕ್ ಈ ಕಡೆ, ಆಮೇಲೆ ಯೂಟ್ಯೂಬಲ್ಲಿ ಯಾವನೋ ಅಮೆರಿಕದವನು ಹೇಳಿದ ಸೆಟ್ಟಿಂಗು, ಅದೂ ಸರಿ ಹೋಗ್ಲಿಲ್ಲ ಅಂದ್ರೆ ಶಾಕಪ್ಪೇ ಹೋಗಿದೆ ರೀಬಿಲ್ಡ್ ಮಾಡಿಸ್ಬೇಕು ಅಂತ ತೀರ್ಮಾನ, ಅಲ್ಲಿಗೆ ಕೈಯಿಂದ ಒಂದಷ್ಟು ಸಾವಿರ ಹೋಯ್ತು. ಇಷ್ಟೆಲ್ಲಾ ಆದ್ರೂ ಬೈಕ್ ಮೇಲೆ ಕೂತ್ರೆ ಹಿಂದೆ ಎಷ್ಟು ಮಿ.ಮೀ ಇಳಿಯತ್ತೆ ಅಂತ ಕೇಳಿದ್ರೆ ಹತ್ತು ಜನದಲ್ಲಿ ಒಬ್ಬನಿಗೂ ಗೊತ್ತಿರಲ್ಲ. ನನಗೆ ಬೇಜಾರಾಗೋದು ಅಲ್ಲೇ. ಯಾಕಂದ್ರೆ ಹಿಂದಿನ ಶಾಕಪ್ ಸೆಟ್ಟಿಂಗ್ ಶುರುವಾಗೋದು ಕ್ಲಿಕ್ಕರಿಂದ ಅಲ್ಲ, ಸ್ಪ್ರಿಂಗಿಂದ, ಆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಹೊಂದತ್ತಾ ಇಲ್ವಾ ಅಂತ ಮನೇಲೇ ಕಂಡು ಹಿಡೀಬಹುದು, ಒಂದು ಅಳತೆ ಟೇಪು, ಇಬ್ಬರು ಫ್ರೆಂಡ್ಸು, ಒಂದು ಪೇಪರ್ ಪೆನ್ನು ಇದ್ರೆ ಸಾಕು.

ಮೊದಲು ಒಳಗೆ ಏನು ನಡೆಯತ್ತೆ ಅಂತ ಸ್ವಲ್ಪ ಹೇಳ್ಬಿಡ್ತೀನಿ. ಶಾಕಪ್ಪಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ತೂಕ ಹೊರೋದು ಸ್ಪ್ರಿಂಗು. ಆ ಸ್ಪ್ರಿಂಗ್ ಸುಮ್ನೆ ಕುಣೀದಂಗೆ ಹಿಡಿಯೋದು ಒಳಗಿನ ಆಯಿಲ್ಲು, ಪಿಸ್ಟನ್ ಮತ್ತು ಅದರ ಮೇಲಿರೋ ತೆಳ್ಳಗಿನ ಬಿಲ್ಲೆ ಥರದ ಶಿಮ್‌ಗಳು. ವೀಲ್ ಮೇಲೆ ಬಂದಾಗ ಆಯಿಲ್ ಆ ಶಿಮ್ ಬಗ್ಗಿಸ್ಕೊಂಡು ದಾಟ್ಬೇಕು, ಆ ತಡೆಗೆ ಕಂಪ್ರೆಷನ್ ಡ್ಯಾಂಪಿಂಗ್ ಅಂತಾರೆ. ವಾಪಸ್ ಇಳಿಯುವಾಗ ಇರೋ ತಡೆ ರೀಬೌಂಡ್. ಗುದ್ದಿದ ಶಕ್ತಿಯೆಲ್ಲಾ ಆಯಿಲ್ಲಲ್ಲಿ ಬಿಸಿಯಾಗಿ ಹೋಗತ್ತೆ, ಅದಕ್ಕೇ ಒಂದು ಒಳ್ಳೇ ಸೆಷನ್ ಮುಗಿಸಿ ಶಾಕಪ್ ಬಾಡಿ ಮುಟ್ಟಿದ್ರೆ ಕೈ ಸುಡತ್ತೆ. ಆಯಿಲ್ ಜೊತೆಗೆ ಒಂದು ರಬ್ಬರ್ ಬ್ಲ್ಯಾಡರಲ್ಲಿ ನೈಟ್ರೋಜನ್ ಪ್ರೆಷರ್ ಇರತ್ತೆ, ಮೋಟೋಕ್ರಾಸ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ 10 ಬಾರ್ ಆಸುಪಾಸು, ಆಯಿಲ್ ನೊರೆ ಬರದಂಗೆ ನೋಡ್ಕೊಳ್ಳೋದು ಅದರ ಕೆಲಸ.

ಇನ್ನೊಂದು ವಿಷಯ ತಲೇಲಿ ಇಟ್ಕೊಳ್ಳಿ. ಫುಲ್ ಸೈಜ್ ಮೋಟೋಕ್ರಾಸ್ ಬೈಕಲ್ಲಿ ಹಿಂದಿನ ವೀಲ್ ಸುಮಾರು 300 ಮಿ.ಮೀ ಮೇಲೆ ಕೆಳಗೆ ಹೋಗತ್ತೆ (ಇದಕ್ಕೇ ಟ್ರಾವೆಲ್ ಅನ್ನೋದು), ಆದ್ರೆ ಶಾಕಪ್ ರಾಡ್ ಒಳಗೆ ಹೋಗೋದು ಅದರ ಅರ್ಧಕ್ಕಿಂತ ಕಮ್ಮಿ. ಅಂದ್ರೆ ಸ್ಪ್ರಿಂಗ್ ಹತ್ತಿರ ಒಂದು ಮಿ.ಮೀ ಬದಲಾದ್ರೆ ವೀಲ್ ಹತ್ತಿರ ಎರಡೂವರೆ ಪಟ್ಟು ಹೆಚ್ಚುಕಮ್ಮಿ ಆಗತ್ತೆ. ಸ್ಪ್ರಿಂಗ್ ಒತ್ತೋ ರಿಂಗ್ ಒಂದು ಸುತ್ತು ತಿರುಗ್ಸಿದ್ರೆ ಬೈಕೇ ಬೇರೆ ಥರ ಓಡತ್ತೆ ಅಂತಾರಲ್ಲ, ಅದು ಸುಳ್ಳಲ್ಲ. ಈ ಒಂಟಿ ಶಾಕಪ್ ಐಡಿಯಾ ಬಂದಿದ್ದು ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಅನ್ನೋರ ತಲೆಯಿಂದ, ಯಮಹಾದವರು ಅದನ್ನ ತಗೊಂಡು 1973ರಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ ಜೊತೆ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್‌ಶಿಪ್ಪೇ ಗೆದ್ರು. ಅದಕ್ಕೆ ಮುಂಚೆ ಎರಡು ಕಡೆ ಎರಡು ಶಾಕಪ್, ಈಗಿನ ಅರ್ಧದಷ್ಟೂ ಟ್ರಾವೆಲ್ ಇರ್ಲಿಲ್ಲ.

ಸರಿ, ಕೆಲಸಕ್ಕೆ ಬರೋಣ. ಅಳತೆ ಮಾಡೋ ಮುಂಚೆ ಬೈಕ್ ತೊಳೀಬೇಕು, ಕೋಲಾರದ ಕಡೆ ಓಡಿಸ್ಕೊಂಡು ಬಂದ ಬೈಕ್ ಆದ್ರಂತೂ ಕೆಮ್ಮಣ್ಣು ಸ್ಪ್ರಿಂಗ್ ಸಂದಿ, ಲಿಂಕೇಜ್ (ಹಿಂದಿನ ವೀಲ್ ಹಿಡಿಯೋ ಸ್ವಿಂಗ್ ಆರ್ಮಿಗೆ ಶಾಕಪ್ ಸೇರಿಸೋ ಕೀಲುಗಳು), ರೀಬೌಂಡ್ ಸ್ಕ್ರೂ ಎಲ್ಲಾ ಕಡೆ ಗಟ್ಟಿಯಾಗಿ ಕೂತಿರತ್ತೆ. ಆದ್ರೆ ದಯವಿಟ್ಟು ವಾಟರ್ ವಾಶ್ ಅಂಗಡಿಯವರಿಗೆ ಪ್ರೆಷರ್ ಗನ್ ತಗೊಂಡು ಲಿಂಕೇಜಿಗೆ ಹೊಡಿಯೋಕೆ ಬಿಡ್ಬೇಡಿ. ಆ ಪ್ರೆಷರಿಗೆ ನೀರು ಸೀಲ್ ದಾಟಿ ನೀಡಲ್ ಬೇರಿಂಗ್ ಒಳಗೆ ಹೋಗತ್ತೆ, ಗ್ರೀಸ್ ತೊಳೆದು ಹೋಗತ್ತೆ, ಹೊರಗಡೆಯಿಂದ ಬೈಕ್ ಫಳಫಳ ಅಂತಿರತ್ತೆ ಒಳಗೆ ತುಕ್ಕು ಹಿಡೀತಿರತ್ತೆ. ಮನೇಲಿ ಪೈಪು, ಬ್ರಷ್ಷು, ಸಂದಿಗೆ ಹಳೇ ಟೂತ್ ಬ್ರಷ್ಷು, ಇಷ್ಟರಲ್ಲೇ ಆಗತ್ತೆ.

ತೊಳೆದು ಒಣಗಿದ ಮೇಲೆ ಬೈಕ್ ಸ್ಟ್ಯಾಂಡ್ ಮೇಲೆ ಹಾಕಿ ಹಿಂದಿನ ವೀಲ್ ನೆಲದಿಂದ ಮೇಲೆ ಬರ್ಬೇಕು. ಡರ್ಟ್ ಬೈಕ್ ಸ್ಟ್ಯಾಂಡ್ ಇಲ್ಲದವರು ಹಾಲಿನ ಕ್ರೇಟ್ ಇಡ್ತಾರೆ, ನಡೆಯತ್ತೆ, ಆದ್ರೆ ಕ್ರೇಟ್ ಬಿರುಕು ಬಿಟ್ಟಿರಬಾರದು ಮತ್ತೆ ಒಬ್ಬರು ಹ್ಯಾಂಡಲ್ ಬಿಡದೇ ಹಿಡ್ಕೊಂಡಿರಲೇಬೇಕು. ಈಗ ಹಿಂದೆ ಕೂತು ವೀಲನ್ನ ಎರಡೂ ಕೈಲಿ ಹಿಡಿದು ನಿಧಾನಕ್ಕೆ ಮೇಲೆ ಎತ್ತಿ ನೋಡಿ. ಶಾಕಪ್ ಕೆಲಸ ಶುರು ಮಾಡೋ ಮುಂಚೆನೇ ಒಂದೆರಡು ಮಿ.ಮೀ ಖಾಲಿ ಅಲ್ಲಾಡತ್ತೆ, ಟಕ್ ಟಕ್ ಅನ್ನತ್ತೆ ಅಂದ್ರೆ ಎಲ್ಲೋ ಪ್ಲೇ ಇದೆ ಅಂತ ಅರ್ಥ. ಯಾವ ಜಾಗ ಅಂತ ತಿಳ್ಕೊಳ್ಳೋಕೆ ಒಂದು ಕೈ ಬೆರಳನ್ನ ಶಾಕಪ್ ಮೇಲಿನ ಬೋಲ್ಟ್ ಹತ್ತಿರ ಇಟ್ಟು ಇನ್ನೊಬ್ಬರಿಗೆ ವೀಲ್ ಎತ್ತಿ ಬಿಡೋಕೆ ಹೇಳಿ, ಆಮೇಲೆ ಕೆಳಗಿನ ಬೋಲ್ಟ್, ಆಮೇಲೆ ಲಿಂಕೇಜಿನ ಒಂದೊಂದು ಜಾಯಿಂಟ್. ಪ್ಲೇ ಇರೋ ಜಾಗದಲ್ಲಿ ಆ ಟಕ್ ಬೆರಳಿಗೇ ಬಡಿಯತ್ತೆ. ವೀಲ್ ಎಡಕ್ಕೆ ಬಲಕ್ಕೆ ಅಲ್ಲಾಡಿದ್ರೆ ಅದು ಬೇರೆ, ವೀಲ್ ಬೇರಿಂಗ್ ಅಥವಾ ಸ್ವಿಂಗ್ ಆರ್ಮ್ ಬೇರಿಂಗ್ ಇರಬಹುದು. ಪ್ಲೇ ಇಟ್ಕೊಂಡು ಸ್ಯಾಗ್, ಅಂದ್ರೆ ಭಾರಕ್ಕೆ ಬೈಕ್ ಹಿಂದೆ ಎಷ್ಟು ಇಳಿಯತ್ತೆ ಅನ್ನೋದನ್ನ, ಅಳತೆ ಮಾಡಿ ಪ್ರಯೋಜನ ಇಲ್ಲ, ಆ ಒಂದೆರಡು ಮಿ.ಮೀ ಅಳತೇಲೂ ಸೇರ್ಕೊಳ್ಳತ್ತೆ, ಓಡಿಸುವಾಗಲೂ ಕಾಡತ್ತೆ.

ಆಮೇಲೆ ರಾಡ್. ಟಾರ್ಚ್ ಹಾಕಿ ನೋಡಿ, ರಾಡ್ ಮೇಲೆ ಉಗುರಿಗೆ ಸಿಗೋ ಅಂಥ ಗೀರು, ತುಕ್ಕಿನ ಚುಕ್ಕೆ ಇದ್ರೆ ಅದು ಆಯಿಲ್ ಸೀಲ್ ತಿಂದು ಹಾಕತ್ತೆ. ರಾಡ್ ಮೇಲೆ ಕಾಣಿಸೀ ಕಾಣಿಸದಷ್ಟು ಎಣ್ಣೆ ಪಸೆ ಇದ್ರೆ ಗಾಬರಿ ಬೇಡ. ಆದ್ರೆ ಕೆಳಗೆ ಎಣ್ಣೆ ಮಣ್ಣು ಸೇರಿ ಕಪ್ಪಗೆ ಪೇಸ್ಟ್ ಥರ ಕೂತಿದೆ, ಒರೆಸಿ ಒಂದು ರೌಂಡ್ ಹೋಗಿ ಬಂದ್ರೆ ಮತ್ತೆ ಒದ್ದೆ ಆಗಿದೆ ಅಂದ್ರೆ ಸೀಲ್ ಹೋಗಿದೆ. ರಾಡ್ ಮೇಲೆ ಕೂತಿರೋ ಬಂಪ್ ರಬ್ಬರ್ ಕೂಡ ನೋಡಿ, ಹಳೇ ಬೈಕಲ್ಲಿ ಅದು ಪುಡಿಪುಡಿಯಾಗಿ ಉದುರಿ ಹೋಗಿರತ್ತೆ, ಬಾಟಮ್ ಆದಾಗ ಕಬ್ಬಿಣಕ್ಕೆ ಕಬ್ಬಿಣ ಹೊಡಿಯೋ ಸೌಂಡ್ ಬರೋದು ಅದಕ್ಕೇ.

ಇಷ್ಟೆಲ್ಲಾ ಸರಿ ಇದ್ರೆ ಅಳತೆ. ಬೆಂಗಳೂರಲ್ಲಿ ಇದಕ್ಕೊಂದು ತೊಂದರೆ ಇದೆ, ನಮ್ಮ ಮನೆಗಳ ಪಾರ್ಕಿಂಗ್ ನೆಲ ಮಟ್ಟವಾಗಿರಲ್ಲ, ಮಳೆ ನೀರು ರೋಡಿಗೆ ಹರಿದು ಹೋಗ್ಲಿ ಅಂತ ಗೇಟ್ ಕಡೆಗೆ ಇಳಿಜಾರು ಕೊಟ್ಟಿರ್ತಾರೆ. ಬೈಕನ್ನ ಗೇಟಿಗೆ ಮುಖ ಮಾಡಿ ನಿಲ್ಲಿಸಿದ್ರೆ ಭಾರ ಮುಂದಕ್ಕೆ ಹೋಗಿ ಹಿಂದೆ ಕಮ್ಮಿ ಇಳಿಯತ್ತೆ, ಮನೆ ಕಡೆ ಮುಖ ಮಾಡಿದ್ರೆ ಉಲ್ಟಾ. ಅದಕ್ಕೇ ಇಳಿಜಾರಿಗೆ ಅಡ್ಡಡ್ಡ ನಿಲ್ಲಿಸಿ, ಎರಡು ವೀಲೂ ಒಂದೇ ಮಟ್ಟದಲ್ಲಿ ಇರೋ ಹಾಗೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಆದ್ರೆ ಇನ್ನೂ ಒಳ್ಳೇದು.

ಹಿಂದಿನ ವೀಲಿನ ಆಕ್ಸಲ್‌ನಿಂದ ನೇರ ಮೇಲೆ ಸೈಡ್ ಪ್ಯಾನಲ್ ಅಥವಾ ಫೆಂಡರ್ ಮೇಲೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ನಲ್ಲಿ ಒಂದು ಗೆರೆ ಹಾಕಿ. ಪ್ರತಿ ಸಲ ಇದೇ ಎರಡು ಜಾಗದ ನಡುವೆ ಅಳೀಬೇಕು. ಮೊದಲನೇ ಅಳತೆ ವೀಲ್ ನೇತಾಡ್ತಿರುವಾಗ. ಎರಡನೇದು ಬೈಕ್ ನೆಲದ ಮೇಲೆ ತನ್ನ ಭಾರದಲ್ಲಿ ತಾನೇ ನಿಂತಿರುವಾಗ, ಸೈಡ್ ಸ್ಟ್ಯಾಂಡ್ ಹಾಕಬಾರದು, ಒಬ್ಬರು ಹ್ಯಾಂಡಲ್ ಹಿಡಿದು ನೆಟ್ಟಗೆ ನಿಲ್ಲಿಸ್ಬೇಕು. ಮೂರನೇದು ರೈಡರ್ ಹತ್ತಿದ ಮೇಲೆ. ಮೊದಲನೇದರಲ್ಲಿ ಎರಡನೇದು ಕಳೆದ್ರೆ ಸ್ಟ್ಯಾಟಿಕ್ ಸ್ಯಾಗ್, ಮೊದಲನೇದರಲ್ಲಿ ಮೂರನೇದು ಕಳೆದ್ರೆ ರೈಡರ್ ಸ್ಯಾಗ್. ಲೆಕ್ಕ ಇಷ್ಟೇ.

ರೈಡರ್ ಹತ್ತೋದು ಅಂದ್ರೆ ಚಡ್ಡಿ ಚಪ್ಪಲಿ ಹಾಕ್ಕೊಂಡು ಹತ್ತೋದಲ್ಲ. ಹೆಲ್ಮೆಟ್, ಬೂಟು, ನೀ ಬ್ರೇಸ್, ಆರ್ಮರ್, ಬೆನ್ನಿಗೆ ನೀರಿನ ಬ್ಯಾಗ್ ತುಂಬಿಸ್ಕೊಂಡು, ಎಲ್ಲಾ ಸೇರಿದ್ರೆ ಆರಾಮಾಗಿ ಎಂಟು ಹತ್ತು ಕೆಜಿ ಆಗತ್ತೆ. ಟ್ಯಾಂಕಲ್ಲಿ ನೀವು ಓಡಿಸುವಾಗ ಇರೋವಷ್ಟು ಪೆಟ್ರೋಲ್ ಇರಲಿ. ಕೂತು ಅಳೀತೀರೋ ಕಾಲಿಡೋ ಪೆಗ್ ಮೇಲೆ ನಿಂತು ಅಳೀತೀರೋ, ಯಾವುದಾದ್ರೂ ಒಂದು, ಆದ್ರೆ ಯಾವಾಗ್ಲೂ ಅದೇ ಇರಲಿ. ಟೇಪ್ ಹಿಡಿಯೋನೂ ಒಬ್ಬನೇ ಇರಲಿ, ಯಾಕಂದ್ರೆ ಒಬ್ಬೊಬ್ಬರು ಒಂದೊಂದು ಥರ ಓದ್ತಾರೆ.

ಇಲ್ಲಿ ಅವಸರ ಮಾಡೋರೇ ಜಾಸ್ತಿ. ಸಸ್ಪೆನ್ಷನ್ ಒಳಗೆ ಸೀಲು, ಬೇರಿಂಗು ಎಲ್ಲದರದ್ದೂ ಘರ್ಷಣೆ ಇರೋದ್ರಿಂದ ಬೈಕ್ ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಲ್ಲಲ್ಲ. ಹಾಗಾಗಿ ಹಿಂದೆ ಒತ್ತಿ ನಿಧಾನಕ್ಕೆ ಬಿಟ್ಟು, ಅದೇ ಮೇಲೆ ಬಂದು ನಿಂತ ಜಾಗ ಒಂದು ಸಲ ಅಳೀರಿ. ಆಮೇಲೆ ಹಿಂದೆ ಸ್ವಲ್ಪ ಎತ್ತಿ ನಿಧಾನಕ್ಕೆ ಇಳಿಸಿ, ನಿಂತ ಜಾಗ ಅಳೀರಿ. ಎರಡರ ಮಧ್ಯ ತಗೊಳ್ಳಿ. ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಬಂತು ಅಂದ್ರೆ ಅದೇ ಒಂದು ಸುಳಿವು, ಲಿಂಕೇಜ್ ಬೇರಿಂಗ್ ಒಣಗಿ ಬಿಗಿಯಾಗಿದೆ, ಮೊದಲು ಅದನ್ನ ಬಿಚ್ಚಿ ಗ್ರೀಸ್ ಮಾಡಿ ಆಮೇಲೆ ಅಳತೆಗೆ ಬನ್ನಿ. ಬಿಚ್ಚುವಾಗ ಕೆಳಗೆ ಒಂದು ಬಿಳೀ ಬಟ್ಟೆ ಹಾಸ್ಕೊಳ್ಳಿ, ನೀಡಲ್‌ಗಳು ಸೂಜಿ ಗಾತ್ರ ಇರ್ತಾವೆ, ಒಂದು ಮೋರಿಗೆ ಬಿದ್ರೂ ಬೇರಿಂಗ್ ಸೆಟ್ ಪೂರ್ತಿ ಹೊಸದು ತರ್ಬೇಕಾಗತ್ತೆ.

ಎಷ್ಟಿರಬೇಕು ಅಂದ್ರೆ, ರೈಡರ್ ಸ್ಯಾಗ್ ಒಟ್ಟು ಟ್ರಾವೆಲ್‌ನ ಮೂರನೇ ಒಂದು ಭಾಗದ ಆಸುಪಾಸು. ಫುಲ್ ಸೈಜ್ ಮೋಟೋಕ್ರಾಸ್ ಬೈಕಿಗೆ 100ರಿಂದ 105 ಮಿ.ಮೀ, ಸ್ಟ್ಯಾಟಿಕ್ 30ರಿಂದ 40. ಲಿಂಕೇಜ್ ಇಲ್ಲದ ಕೆಟಿಎಂ ಪಿಡಿಎಸ್ ಶಾಕಪ್ ಆದ್ರೆ ರೈಡರ್ ಸ್ಯಾಗ್ ಇನ್ನೊಂದು ಐದು ಮಿ.ಮೀ ಜಾಸ್ತಿ ಇಡೋದು ರೂಢಿ. ನಿಮ್ಮ ಬೈಕ್ ಮ್ಯಾನುಯಲಲ್ಲಿ ನಂಬರ್ ಕೊಟ್ಟಿದ್ರೆ ಅದೇ ಫೈನಲ್ಲು, ನನ್ನ ಮಾತಲ್ಲ.

ಈಗ ಒಂದು ನಿಜವಾದ ಬೈಕ್ ಅಳತೆ ಹೇಳ್ತೀನಿ, ಆಗ ಅರ್ಥ ಆಗತ್ತೆ. ನಮ್ಮ ವಿಜಯನಗರದಲ್ಲೇ ಒಬ್ಬ ಹುಡುಗ, 62 ಕೆಜಿ ಇದ್ದಾನೆ, ಸೆಕೆಂಡ್ ಹ್ಯಾಂಡ್ 250 ಮೋಟೋಕ್ರಾಸ್ ಬೈಕ್ ತಗೊಂಡಿದ್ದ. ರಿಜಿಸ್ಟ್ರೇಷನ್ ಆಗದ ಬೈಕು, ರೋಡಲ್ಲಿ ಓಡ್ಸಂಗಿಲ್ಲ, ಟಾಟಾ ಏಸ್ ಹಿಂದೆ ಕಟ್ಕೊಂಡು ನಮ್ಮ ಮನೆ ಮುಂದೆ ಇಳಿಸಿದ. "ಅಣ್ಣಾ, ಬ್ರೇಕ್ ಹಿಡಿದ್ರೆ ಹಿಂದೆ ಎದ್ದು ಎದ್ದು ಬೀಳತ್ತೆ, ಸ್ಪೀಡಲ್ಲಿ ಹ್ಯಾಂಡಲ್ ಒದರತ್ತೆ, ರೀಬೌಂಡ್ ಹೋಗಿದೆ ಅಂತ ಗ್ಯಾರೇಜಲ್ಲಿ ಹೇಳಿದ್ರು" ಅಂದ. "ಇರೋ ಮಗಾ, ಮೊದ್ಲು ಬೂಟು ಹಾಕ್ಕೋ" ಅಂತ ಹೇಳಿ ಟೇಪ್ ತಂದೆ.

ವೀಲ್ ನೇತಾಡ್ತಿರುವಾಗ 610. ನೆಲದ ಮೇಲೆ 590. ಅವನು ಹತ್ತಿದ ಮೇಲೆ 533. ಅಂದ್ರೆ ಸ್ಟ್ಯಾಟಿಕ್ 20, ರೈಡರ್ 77. ಎರಡೂ ಕಮ್ಮಿ. ಹಿಂದೆ ಎತ್ತರದಲ್ಲಿ ನಿಂತಿದೆ ಬೈಕು, ಹಿಂದೆ ಎತ್ತರ ಆದ್ರೆ ಮುಂದಿನ ಫೋರ್ಕ್ ಇನ್ನಷ್ಟು ನೆಟ್ಟಗಾಗತ್ತೆ, ಕಾರ್ನರಿಗೆ ಬೇಗ ತಿರುಗತ್ತೆ ನಿಜ, ಆದ್ರೆ ಸ್ಪೀಡಲ್ಲಿ ಹ್ಯಾಂಡಲ್ ಒದರೋದು, ಬ್ರೇಕಲ್ಲಿ ಹಿಂದೆ ಹಗುರ ಆಗೋದು ಎಲ್ಲಾ ಅದರಿಂದಾನೇ. ಹಿಂದಿನ ಓನರ್ ಒಳ್ಳೇ ಗಟ್ಟಿ ಆಳು, ತೊಂಬತ್ತು ಕೆಜಿ ಆಸುಪಾಸು ಅಂತ ಆಮೇಲೆ ಗೊತ್ತಾಯ್ತು, ಬೈಕ್ ಅವರಿಗೆ ಸರಿಯಾಗೇ ಸೆಟ್ ಆಗಿತ್ತು.

ಪ್ರೀಲೋಡ್, ಅಂದ್ರೆ ಸ್ಪ್ರಿಂಗನ್ನ ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನೋದನ್ನ, ಕಮ್ಮಿ ಮಾಡೋಕೆ ಹೊರಟ್ವಿ. ಸ್ಪ್ರಿಂಗ್ ಮೇಲುಗಡೆ ಎರಡು ರಿಂಗ್ ಇರತ್ತೆ, ಮೇಲಿನದು ಲಾಕ್ ರಿಂಗು, ಕೆಳಗಿನದು ಸ್ಪ್ರಿಂಗ್ ಒತ್ತೋದು. ಅವನ ಬೈಕಲ್ಲಿ ಆ ರಿಂಗಿನ ಹಲ್ಲು ಅರ್ಧಕ್ಕೆ ಅರ್ಧ ಮುರಿದಿತ್ತು, ಯಾರೋ ಉಳಿ ಇಟ್ಟು ಸುತ್ತಿಗೇಲಿ ಹೊಡೆದು ಹೊಡೆದು ತಿರುಗ್ಸಿದ್ದಾರೆ. ಮೆತ್ತನೆ ಅಲ್ಯೂಮಿನಿಯಂ ಅದು, ಅದರ ಮೇಲೆ ಉಳಿ ಇಟ್ರೆ ಅದಿನ್ನೆಷ್ಟು ದಿನ ತಡೆಯತ್ತೆ, ನೋಡಿ ನಿಜವಾಗ್ಲೂ ಹೊಟ್ಟೆ ಉರೀತು. ಸರಿಯಾದ ಸಿ ಸ್ಪ್ಯಾನರ್ ಜೆಸಿ ರೋಡಲ್ಲೋ ಎಸ್ಪಿ ರೋಡಲ್ಲೋ ಹುಡುಕಿದ್ರೆ ಸಿಗತ್ತೆ, ಅದನ್ನ ತಗೊಳ್ಳಿ. ಮೊದಲು ವೀಲ್ ಮೇಲೆತ್ತಿ, ರಿಂಗ್ ತಿರುಗೋ ಥ್ರೆಡ್ಡನ್ನ ಬ್ರಷ್ಷಲ್ಲಿ ಉಜ್ಜಿ ಮಣ್ಣು ತೆಗೆದು, ಸ್ವಲ್ಪ ಎಣ್ಣೆ ಬಿಟ್ಟು, ಲಾಕ್ ರಿಂಗ್ ಲೂಸ್ ಮಾಡಿ. ಕೆಳಗಿನ ರಿಂಗ್ ಮೇಲೆ ಮಾರ್ಕರಲ್ಲಿ ಒಂದು ಗೆರೆ ಹಾಕಿ, ಸುತ್ತು ಎಣಿಸೋಕೆ. ಬಹಳ ಸಲ ಸ್ಪ್ರಿಂಗನ್ನೇ ಎರಡು ಕೈಲಿ ಹಿಡಿದು ತಿರುಗ್ಸಿದ್ರೆ ರಿಂಗ್ ಜೊತೇಲೇ ತಿರುಗತ್ತೆ, ಸ್ಪ್ಯಾನರೇ ಬೇಕಾಗಲ್ಲ. ಒಂದು ಸುತ್ತಿಗೆ ಸ್ಯಾಗ್ ಸುಮಾರು 3ರಿಂದ 4 ಮಿ.ಮೀ ಬದಲಾಗತ್ತೆ.

ಏಳು ಸುತ್ತು ಲೂಸ್ ಮಾಡಿ, ಲಾಕ್ ಮಾಡಿ, ಮತ್ತೆ ಅಳೆದ್ವಿ. ರೈಡರ್ ಸ್ಯಾಗ್ 103, ಪರ್ಫೆಕ್ಟ್. "ಆಯ್ತಲ್ಲಣ್ಣಾ!" ಅಂದ. ಆಗ್ಲಿಲ್ಲ. ಸ್ಟ್ಯಾಟಿಕ್ ಅಳೆದ್ರೆ 46.

ಈ ಜಾಗದಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಎಲ್ಲರೂ ಉಲ್ಟಾ ತಿಳ್ಕೊಳ್ಳೋದು ಇದನ್ನೇ. ಬೈಕ್ ತನ್ನ ಭಾರಕ್ಕೇ 46 ಮಿ.ಮೀ ಇಳೀತಿದೆ ಅಂದ್ರೆ ಸ್ಪ್ರಿಂಗ್ ಮೆತ್ತಗಿದೆ ಅಂತ ಅನ್ಸತ್ತೆ ಅಲ್ವಾ. ಇಲ್ಲ, ಸ್ಪ್ರಿಂಗ್ ಗಟ್ಟಿ ಇದೆ. ಯಾಕಂದ್ರೆ ಈ ಹುಡುಗ ಹತ್ತಿದಾಗ ಬೈಕ್ ಇಳಿಯೋದು 57 ಮಿ.ಮೀ ಮಾತ್ರ, ಪ್ರೀಲೋಡ್ ಟೈಟ್ ಇದ್ದಾಗಲೂ 57, ಲೂಸ್ ಮಾಡಿದ ಮೇಲೂ 57. ಇವನ ತೂಕಕ್ಕೆ ಆ ಸ್ಪ್ರಿಂಗ್ ಅಷ್ಟೇ ಬಗ್ಗೋದು. ಅಂದ್ರೆ 103 ಬರಿಸೋಕೆ ಬಾಕಿ ಇಳಿತವನ್ನೆಲ್ಲಾ ನಾವು ಪ್ರೀಲೋಡ್ ಬಿಚ್ಚಿ ಬಿಚ್ಚಿ ಸ್ಟ್ಯಾಟಿಕ್ಕಲ್ಲೇ ಕೊಟ್ಟುಬಿಟ್ವಿ. ಪ್ರೀಲೋಡ್ ರಿಂಗ್ ಎಷ್ಟೇ ತಿರುಗ್ಸಿ, ಸ್ಪ್ರಿಂಗಿನ ಗಟ್ಟಿತನ ಒಂದು ಚೂರೂ ಬದಲಾಗಲ್ಲ, ಬದಲಾಗೋದು ಬೈಕ್ ನಿಲ್ಲೋ ಎತ್ತರ ಮಾತ್ರ. ಇದರ ಉಲ್ಟಾ, ಜಾಸ್ತಿ ತೂಕದ ಆಳು ಮೆತ್ತನೆ ಸ್ಪ್ರಿಂಗ್ ಮೇಲೆ ಹತ್ತಿದ್ರೆ ರೈಡರ್ ಸ್ಯಾಗ್ ಸರಿ ಮಾಡೋಕೆ ಪ್ರೀಲೋಡ್ ಬಿಗಿ ಮಾಡ್ತಾನೇ ಹೋಗ್ಬೇಕು, ಕೊನೆಗೆ ಸ್ಟ್ಯಾಟಿಕ್ ಹತ್ತು ಹದಿನೈದಕ್ಕೆ ಬಂದು ನಿಲ್ಲತ್ತೆ. ಆಗ ಸ್ಪ್ರಿಂಗ್ ಮೆತ್ತಗಿದೆ ಅಂತ ಅರ್ಥ. ರೈಡರ್ ಸ್ಯಾಗ್ ಸರಿ ಇಟ್ಕೊಂಡು ಸ್ಟ್ಯಾಟಿಕ್ ನೋಡಿ: ಜಾಸ್ತಿ ಇದ್ರೆ ಸ್ಪ್ರಿಂಗ್ ಗಟ್ಟಿ, ಕಮ್ಮಿ ಇದ್ರೆ ಮೆತ್ತಗೆ. ನಾನು ಈ ಬರಹ ಬರೀತಿರೋದೇ ಈ ಒಂದು ಸಾಲಿಗೋಸ್ಕರ.

ಅವನ ಸ್ಪ್ರಿಂಗ್ ಮೇಲೆ ಒರೆಸಿ ನೋಡಿದ್ರೆ 56 ಅಂತ ಇತ್ತು, ಒಂದು ಮಿ.ಮೀ ಒತ್ತೋಕೆ 56 ನ್ಯೂಟನ್ ಬೇಕು ಅಂತ. ಇನ್ನೊಬ್ಬ ರೈಡರ್ ಹತ್ತಿರ ಹಳೇ 48ರ ಸ್ಪ್ರಿಂಗ್ ಬಿದ್ದಿತ್ತು, ಅದೇ ಶಾಕಪ್ಪಿಗೆ ಕೂರೋದು, ತಂದು ಹಾಕಿದ್ವಿ. ಮೋಟೋಕ್ರಾಸ್ ಶಾಕಪ್ಪಲ್ಲಿ ಇದು ಸುಲಭ, ಪ್ರೀಲೋಡ್ ಪೂರ್ತಿ ಬಿಚ್ಚಿದ್ರೆ ಸ್ಪ್ರಿಂಗ್ ಸಡಿಲ ಆಗಿ ಕೆಳಗಿನ ಸೀಟ್ ಕೈಲೇ ತೆಗೀಬಹುದು. ಹಾಕಿದ ಮೇಲೆ ರೈಡರ್ 103 ಇಟ್ರೆ ಸ್ಟ್ಯಾಟಿಕ್ 37 ಬಂತು. ಕ್ಲಿಕ್ಕರ್ ಆ ದಿನ ಮುಟ್ಟಲೇ ಇಲ್ಲ. ಮುಂದಿನ ವಾರ ಕೋಲಾರದ ಕಡೆ ಹೋಗಿ ಓಡಿಸಿ ಬಂದ, ಹ್ಯಾಂಡಲ್ ಒದರೋದು ನಿಂತಿತ್ತು, ಬ್ರೇಕಲ್ಲಿ ಹಿಂದೆ ಕುಣಿಯೋದೂ ಬಹಳ ಕಮ್ಮಿ ಆಗಿತ್ತು. ರೀಬೌಂಡ್ ಹೋಗಿದೆ ಅಂದಿದ್ರಲ್ಲ, ಅದು ಸರಿಯಾಗೇ ಇತ್ತು.

ಇದು ಇವನೊಬ್ಬನ ಕಥೆ ಅಲ್ಲ. ಹೊರದೇಶದಿಂದ ಬರೋ ದೊಡ್ಡ ಬೈಕ್‌ಗಳ ಸ್ಪ್ರಿಂಗ್ ಸಾಮಾನ್ಯವಾಗಿ ಎಪ್ಪತ್ತು ಎಂಬತ್ತು ಕೆಜಿ ಆಳನ್ನ ಲೆಕ್ಕಕ್ಕೆ ತಗೊಂಡು ಹಾಕಿರ್ತಾರೆ, ನಮ್ಮಲ್ಲಿ ಐವತ್ತೈದು ಅರವತ್ತು ಕೆಜಿಯ ಹುಡುಗರೇ ಎಷ್ಟೋ ಜನ. 2015ರಲ್ಲಿ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, ಡಕಾರ್ ಅನ್ನೋ ಕಷ್ಟದ ಅಂತರರಾಷ್ಟ್ರೀಯ ರ‍್ಯಾಲಿ ಮುಗಿಸಿದ ಮೊದಲನೇ ಭಾರತೀಯ ಆದಮೇಲೆ, ಅವರೇ ಕೋಲಾರದ ಹತ್ತಿರ ಬಿಗ್ ರಾಕ್ ಡರ್ಟ್ ಪಾರ್ಕ್ ಶುರು ಮಾಡಿದ ಮೇಲೆ, ಈ ಕಡೆ ಡರ್ಟ್ ಬೈಕ್ ಕಲಿಯೋ ಹುಡುಗರು ಹುಡುಗೀರು ಇಬ್ಬರೂ ಜಾಸ್ತಿ ಆಗಿದ್ದಾರೆ, ಬಹಳ ಖುಷಿ ಆಗತ್ತೆ. ಅವರೆಲ್ಲಾ ಎಕ್ಸಾಸ್ಟು ಗ್ರಾಫಿಕ್ಸು ಅಂತ ದುಡ್ಡು ಹಾಕೋ ಮುಂಚೆ ತಮ್ಮ ತೂಕದ ಸ್ಪ್ರಿಂಗ್ ಹಾಕಿಸ್ಕೊಳ್ಳಲಿ ಅಂತ ನನ್ನ ಆಸೆ.

ಎಕ್ಸ್‌ಪಲ್ಸ್ 200 (ಹೀರೋದವರ ಬೈಕು) ಇರೋರು ಇದು ನಮಗಲ್ಲ ಅಂದ್ಕೋಬೇಡಿ. ಅದರ ಮಾಮೂಲಿ ಮಾಡೆಲಲ್ಲಿ ಹಿಂದೆ 170 ಮಿ.ಮೀ ಟ್ರಾವೆಲ್ಲು, ಪ್ರೀಲೋಡ್ ಹತ್ತು ಸ್ಟೆಪ್ಪು, ಡ್ಯಾಂಪಿಂಗ್ ಕ್ಲಿಕ್ಕರ್ ಇಲ್ಲ. ಅಲ್ಲೂ ಇದೇ ಮೂರು ಅಳತೆ, ರೈಡರ್ ಸ್ಯಾಗ್ 50-55 ಹತ್ತಿರ ಬಂದ್ರೆ ಸಾಕು. ಪ್ರೋ ಮಾಡೆಲ್ ಅಥವಾ ರ‍್ಯಾಲಿ ಕಿಟ್ ಇದ್ರೆ 220 ಮಿ.ಮೀ ಟ್ರಾವೆಲ್ಲು, ಎಲ್ಲಾ ಅಡ್ಜಸ್ಟ್ ಆಗತ್ತೆ, ಸ್ಯಾಗ್ 70ರ ಆಸುಪಾಸು ಇಟ್ಟು ಶುರು ಮಾಡಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರಲ್ಲಿ 200 ಮಿ.ಮೀ, ಅದರಲ್ಲೂ ಹಿಂದೆ ಪ್ರೀಲೋಡ್ ಮಾತ್ರ. ಆದ್ರೆ ಒಂದು ಎಚ್ಚರಿಕೆ, ಸ್ಟೆಪ್ ಸ್ಟೆಪ್ಪಾಗಿ ತಿರುಗೋ ಪ್ರೀಲೋಡ್ ಇರೋ ಶಾಕಪ್ಪಲ್ಲಿ ಸ್ಪ್ರಿಂಗ್ ಪೂರ್ತಿ ಸಡಿಲ ಆಗಲ್ಲ, ಸ್ಪ್ರಿಂಗ್ ಒತ್ತಿ ಹಿಡಿಯೋ ಕಂಪ್ರೆಸರ್ ಇಲ್ಲದೇ ಬಿಚ್ಚೋಕೆ ಹೋದ್ರೆ ಸ್ಪ್ರಿಂಗ್ ಹಾರಿ ಮುಖಕ್ಕೇ ಬಡಿಯತ್ತೆ. ಅದನ್ನ ಮನೇಲಿ ಬಿಚ್ಚಬೇಡಿ.

ಸ್ಯಾಗ್ ಸರಿ ಆದ ಮೇಲೆ ಕ್ಲಿಕ್ಕರ್. ಮೊದಲು ಈಗ ಎಲ್ಲಿದೆ ಅಂತ ಬರ್ಕೊಳ್ಳಿ: ಜೋರು ಮಾಡದೇ ಬಲಕ್ಕೆ ಪೂರ್ತಿ ತಿರುಗ್ಸಿ, ಎಷ್ಟು ಕ್ಲಿಕ್ ಆಯ್ತು ಎಣಿಸಿ, ಅಷ್ಟೇ ವಾಪಸ್ ಬಿಡಿ. ಕೊನೆಗೆ ತಾಗಿದಾಗ ಒತ್ತಬೇಡಿ, ಒಳಗೆ ಸಣ್ಣ ಸೂಜಿ ಮೊನೆ ಇದೆ, ಜೋರು ಮಾಡಿದ್ರೆ ಅದರ ಸೀಟ್ ಕೆಡತ್ತೆ. ಕಂಪ್ರೆಷನ್ ಕ್ಲಿಕ್ಕರ್ ಮೇಲೆ ರಿಸರ್ವಾಯರ್ (ಶಾಕಪ್ ಪಕ್ಕದ ಡಬ್ಬಿ) ಹತ್ತಿರ ಇರತ್ತೆ, ರೀಬೌಂಡ್ ಕೆಳಗೆ ಶಾಕಪ್ ಲಿಂಕೇಜಿಗೆ ಸೇರೋ ಕಡೆ. ಕಂಪ್ರೆಷನಲ್ಲಿ ಲೋ ಸ್ಪೀಡ್ ಹೈ ಸ್ಪೀಡ್ ಅಂತ ಎರಡು ಇದ್ರೆ ಅದು ಬೈಕ್ ಸ್ಪೀಡಲ್ಲ, ರಾಡ್ ಒಳಗೆ ಹೋಗೋ ಸ್ಪೀಡು. ಕಲ್ಲಿನ ಅಂಚಿಗೆ ಗುದ್ದಿದಾಗ ಬೈಕ್ ನಡಿಗೆ ವೇಗದಲ್ಲಿದ್ರೂ ರಾಡ್ ಜೋರಾಗಿ ಹೋಗತ್ತೆ, ಅದು ಹೈ ಸ್ಪೀಡ್. ಆಕ್ಸಿಲರೇಟರ್ ತಿರುವಿದಾಗ ಹಿಂದೆ ಕೂರೋದು, ಗುಂಡಿ ಅಡಿಯಲ್ಲಿ ಒತ್ತಿಕೊಳ್ಳೋದು ಲೋ ಸ್ಪೀಡ್.

ರೀಬೌಂಡ್ ಬಗ್ಗೆ ಹೇಳೋದಾದ್ರೆ, ಬ್ರೇಕಿಂಗ್ ಬಂಪ್ಸ್ (ಕಾರ್ನರ್ ಮುಂಚೆ ಎಲ್ಲರೂ ಬ್ರೇಕ್ ಹಿಡಿದು ಎದ್ದ ಗುಡ್ಡೆಗಳು) ಸಾಲಾಗಿ ಬಂದಾಗ ಮೊದಲನೇ ಎರಡು ಮೂರು ಚೆನ್ನಾಗಿ ನುಂಗಿ ಆಮೇಲೆ ಗಟ್ಟಿ ಆಗ್ತಾ ಹೋದ್ರೆ ರೀಬೌಂಡ್ ತುಂಬಾ ನಿಧಾನ ಇದೆ, ವೀಲ್ ಕೆಳಗೆ ಬರೋಷ್ಟರಲ್ಲಿ ಮುಂದಿನ ಗುಡ್ಡೆ ಬಂದಿರತ್ತೆ. ಜಂಪ್ ಹತ್ತುವಾಗ ಸೀಟು ಹಿಂಭಾಗ ನಿಮ್ಮನ್ನ ಎತ್ತಿ ಮುಂದಕ್ಕೆ ತಳ್ಳಿದ್ರೆ ತುಂಬಾ ಬೇಗ ಇದೆ. ಒಂದು ಸಲಕ್ಕೆ ಒಂದೇ ಅಡ್ಜಸ್ಟರ್, ಎರಡೇ ಕ್ಲಿಕ್, ಅದೇ ಲೂಪ್, ಅದೇ ಟೈರ್ ಪ್ರೆಷರ್. ಟೈರಲ್ಲಿ 13 ಪಿಎಸ್ಐ ಇದ್ದಿದ್ದು 18 ಆಗಿದ್ರೆ ಎರಡು ಕ್ಲಿಕ್ಕಿನ ವ್ಯತ್ಯಾಸ ಯಾವನಿಗೂ ತಿಳಿಯಲ್ಲ. ಬೇಸಿಗೇಲಿ ನಮ್ಮ ಕೆಮ್ಮಣ್ಣು ಕಾಂಕ್ರೀಟ್ ಆದಂಗೆ ಆಗಿ ಮೇಲೆ ಪುಡಿ ಜಲ್ಲಿ ಇರತ್ತೆ, ನೀಲಗಿರಿ ತೋಪಲ್ಲಿ ಬೇರುಗಳು ಅಡ್ಡ ಬರತ್ತೆ, ಅಲ್ಲಿ ಕಂಪ್ರೆಷನ್ ಒಂದೆರಡು ಕ್ಲಿಕ್ ಸಡಿಲ ಬಿಟ್ರೆ ಹಿಂದಿನ ವೀಲ್ ನೆಲ ಬಿಡದೇ ಓಡತ್ತೆ. ಇಡೀ ಸೆಷನಲ್ಲಿ ಒಂದೆರಡು ಸಲ ದೊಡ್ಡ ಜಂಪಲ್ಲಿ ಬಾಟಮ್ ಆದ್ರೆ ಅದು ತೊಂದರೆ ಅಲ್ಲ, ಇರೋ ಟ್ರಾವೆಲ್ ಪೂರ್ತಿ ಬಳಸ್ತಿದ್ದೀರಿ ಅಂತ ಅರ್ಥ.

ಮನೇಲಿ ಮಾಡಬಾರದ ಕೆಲಸ ಅಂದ್ರೆ ಶಾಕಪ್ ಒಳಗೆ ಕೈ ಹಾಕೋದು. ನೈಟ್ರೋಜನ್ ವಾಲ್ವ್ ಕ್ಯಾಪ್ ತೆಗೆದು ಟೈರ್ ಗೇಜ್ ಒತ್ತೋರನ್ನ ನೋಡಿದ್ದೀನಿ, ಒಳಗಿರೋದು ಸ್ವಲ್ಪವೇ ಗ್ಯಾಸು, ಗೇಜ್ ತುಂಬೋಕೇ ಒಂದಷ್ಟು ಹೊರಟು ಹೋಗತ್ತೆ, ವಾಪಸ್ ತುಂಬೋಕೆ ಪೆಟ್ರೋಲ್ ಬಂಕಿನ ನೈಟ್ರೋಜನ್ ಪ್ರೆಷರ್ ಸಾಲಲ್ಲ. ಆಯಿಲ್ ಬದಲಾಯಿಸೋದು, ಸೀಲ್ ಹಾಕೋದು, ಗ್ಯಾಸ್ ತುಂಬೋದು ಸಸ್ಪೆನ್ಷನ್ ಕೆಲಸ ಗೊತ್ತಿರೋರ ಹತ್ತಿರಾನೇ. ಜೋರಾಗಿ ಓಡಿಸೋರಿಗೆ ಮೂವತ್ತು ನಲವತ್ತು ಗಂಟೆಗೊಮ್ಮೆ ಆಯಿಲ್ ಚೇಂಜ್ ಬೇಕು, ಲೀಕ್ ಇರ್ಲಿ ಬಿಡ್ಲಿ. ಆಯಿಲ್ ಹಳೇದಾಗಿದ್ರೆ ಬೆಳಗ್ಗೆ ಚೆನ್ನಾಗಿದ್ದ ಬೈಕು ಬಿಸಿ ಆಗ್ತಿದ್ದಂಗೆ ಹಿಂದೆ ತೇಲಾಡೋಕೆ ಶುರುವಾಗತ್ತೆ, ಅದು ಕ್ಲಿಕ್ಕರಿಂದ ಸರಿ ಹೋಗಲ್ಲ. ಕೊಡೋ ಮುಂಚೆ ನಿಮ್ಮ ಸ್ಯಾಗ್ ನಂಬರು, ಕ್ಲಿಕ್ ನಂಬರು, ಗೇರ್ ಸಮೇತ ತೂಕ ಒಂದು ಚೀಟೀಲಿ ಬರೆದು ಜೊತೆಗೆ ಕೊಡಿ, ಅವರಿಗೂ ಅನುಕೂಲ.

ಪ್ರೀಲೋಡ್ ಬದಲಾಯಿಸಿದ ಮೇಲೆ ಚೈನ್ ನೋಡೋದು ಮರೀಬೇಡಿ. ಸ್ಯಾಗ್ ಬದಲಾದ್ರೆ ಸ್ವಿಂಗ್ ಆರ್ಮ್ ನಿಲ್ಲೋ ಕೋನ ಬದಲಾಗತ್ತೆ, ಚೈನ್ ಸ್ಲ್ಯಾಕ್ (ಸಡಿಲ) ಕೂಡ ಬದಲಾದಂಗೆ ಕಾಣತ್ತೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೇಲಿ ಬಂದಾಗ ಚೈನ್ ಅತಿ ಬಿಗಿ ಇರತ್ತೆ, ಆಗಲೂ ಸ್ವಲ್ಪ ಸಡಿಲ ಉಳಿದಿರಬೇಕು, ಇಲ್ಲಾಂದ್ರೆ ಶಾಕಪ್ ಕೆಳಗೆ ಹೋಗೋಕೆ ಚೈನೇ ಬಿಡಲ್ಲ. ಹೊಸ ಸ್ಪ್ರಿಂಗ್ ಹಾಕಿದ್ರೆ ಒಂದೆರಡು ರೈಡ್ ಆದ ಮೇಲೆ ಸ್ಯಾಗ್ ಮತ್ತೊಮ್ಮೆ ಅಳೀರಿ, ಸ್ಪ್ರಿಂಗ್ ಸ್ವಲ್ಪ ಕೂರತ್ತೆ, ಅಳೆಯುವಾಗಲೇ ಲಾಕ್ ರಿಂಗ್ ಟೈಟಾಗಿದ್ಯಾ ಅಂತ ಒಂದು ಸಲ ಕೈ ಹಾಕಿ ನೋಡಿ.